ಅತ್ತೆ, ಅಳಿಯ ಮತ್ತು ಒಂದು ಪ್ರೇಮಗೀತೆ

ಕೆಳಗಿನ ಮನೆಯ ಬಾಗಿಲನ್ನು ನಾನು ಮೊದಲ ಸಲ ಬಡಿದದ್ದು ದೂರು ಹೇಳುವುದಕ್ಕಾಗಿ. ಬೈಲಹೊಂಗಲದಲ್ಲಿ ನಾನು ಬಾಡಿಗೆಗಿದ್ದ ಹಳೆಯ ಮನೆಯ ಕೆಳ ಅಂತಸ್ತಿನಲ್ಲಿ ಒಬ್ಬ ಯುವ ಗಾಯಕ ಹೆಂಡತಿಯೊಂದಿಗೆ ವಾಸವಾಗಿದ್ದ. ಮದುವೆಗಳಿಗೆ ರಸಮಂಜರಿ ಕಾರ್ಯಕ್ರಮ ಕೊಡುವುದು ಅವನ ಉದ್ಯೋಗ. ಮುಂಭಾಗದ ಕೋಣೆಯ ಗೋಡೆಗಳಿಗೆ ಹಳೆಯ ಗಾದಿಗಳನ್ನು ಮೊಳೆ ಹೊಡೆದು ನಿಲ್ಲಿಸಿ, ಅದನ್ನು ಸ್ಟುಡಿಯೊ ಎಂದು ಕರೆಯುತ್ತಿದ್ದ. ಗಾದಿಗಳು ಶಬ್ದವನ್ನು ಬೀದಿಗೆ ಬಿಡದೆ ನೇರವಾಗಿ ಮೇಲಕ್ಕೆ, ಎಂದರೆ ನನ್ನ ಕೋಣೆಗೆ, ಕಳುಹಿಸುತ್ತಿದ್ದವು.

ನಾನು ಓದಿದ್ದು ಧಾರವಾಡದ ಹೊರವಲಯದ ಒಂದು ಹೊಸ ಮಾದರಿಯ ಶಾಲೆಯಲ್ಲಿ. ಅಲ್ಲಿ ಪರೀಕ್ಷೆಗಳಿರಲಿಲ್ಲ. ಅದರ ಬದಲು ವಾರಕ್ಕೊಮ್ಮೆ ಎಲ್ಲರೂ ಬೇವಿನ ಮರದ ಕೆಳಗೆ ವೃತ್ತಾಕಾರವಾಗಿ ಕುಳಿತು, ಆ ವಾರ ತಾವು ಕಂಡ ಅನ್ಯಾಯವೊಂದನ್ನು ಹೆಸರಿಟ್ಟು ಹೇಳಬೇಕಿತ್ತು. ಹೇಳಲು ಏನೂ ಇಲ್ಲದ ಮಗುವನ್ನು ಶಿಕ್ಷಕರು ಜ್ವರ ಬಂದವರನ್ನು ನೋಡುವಂತೆ ನೋಡುತ್ತಿದ್ದರು. ಹೆಸರಿಡದ ತಪ್ಪನ್ನು ತಿದ್ದಲಾಗದು ಎಂಬ ಆ ಪಾಠವನ್ನು ನಾನು ಇಂದಿಗೂ ನಂಬುತ್ತೇನೆ. ಬದುಕಿನ ಬಹುಭಾಗವನ್ನು ಮನವಿಗಳಲ್ಲಿ, ಧರಣಿಗಳಲ್ಲಿ, ತಾಲೂಕು ಕಚೇರಿಯ ಮೆಟ್ಟಿಲುಗಳ ಮೇಲೆ ಕಳೆದದ್ದು ಆ ನಂಬಿಕೆಯಿಂದಲೇ.

ಆ ದಿನ ಬಾಗಿಲು ತೆರೆದ ಗಾಯಕನ ಮುಖ ಸತ್ತವರ ಮನೆಯವರ ಮುಖದಂತಿತ್ತು.

"ಅಕ್ಕಾರ, ಇವತ್ತೊಂದಿನ ಬೈಬ್ಯಾಡ್ರಿ," ಎಂದ, ನಾನು ಬಾಯಿ ತೆರೆಯುವ ಮೊದಲೇ. "ಇವತ್ತ ಸಪ್ಪಳಾನ ಇಲ್ರಿ. ಹಾಡೂ ಹೆಣಮಗಳು ಕೈ ಕೊಟ್ಟಾಳ. ಗಂಟಲ ಕಟ್ಟೇತಂತ. ಎಲ್ಲಾ ತಯಾರ ಐತಿ, ಹೆಣ್ಣಿನ ದನಿ ಒಂದ ಇಲ್ಲ."

ಅವನೇ ಬರೆದು, ಅವನೇ ರಾಗ ಕೂಡಿಸಿದ ಪ್ರೇಮಗೀತೆ ಅದು. ಗಂಡು ಒಂದು ಸಾಲು ಕೇಳಬೇಕು, ಹೆಣ್ಣು ಒಂದು ಸಾಲು ಉತ್ತರಿಸಬೇಕು. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. ಅವಳಿಗೆ ಹಾಡಲು ಬರುತ್ತಿರಲಿಲ್ಲ. ಆ ವಿಷಯದಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

"ನಮ್ಮವ್ವ ಬಂದಾಳಲ್ಲ. ಅಕೀ ಕಡಿಂದ ಹಾಡಸು."

"ಹುಚ್ಚ ಹಿಡದೈತೇನ ನಿನಗ? ಅತ್ತಿ ಕೂಡ ಪ್ರೇಮಗೀತಿ ಹಾಡ್ಲಿ?"

"ನೀ ಹಾಡೂದು ಮೈಕಿಗೆ. ಅಕೀ ಹಾಡೂದು ಒಲಿಗೆ. ನಡಬರಕ ಬಾಗಲಾ ಐತಿ. ಯಾರ ಕೂಡ ಯಾರ ಹಾಡಿದ್ರ ಏನಾತು?"

ಇಲ್ಲಿ ಒಂದು ರೂಢಿಯನ್ನು ವಿವರಿಸಬೇಕು. ಆ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಲ್ಲುವುದಿಲ್ಲ, ಅವನೊಂದಿಗೆ ನೇರವಾಗಿ ಮಾತನಾಡುವುದಿಲ್ಲ. ಆದರೆ ಒಂದೇ ಸೂರಿನಡಿ ನಾಲ್ಕು ದಿನ ಇರಬೇಕಾದಾಗ ಮಾತು ಬೇಕೇ ಬೇಕಾಗುತ್ತದೆ. ಅದಕ್ಕೆ ಪಡಸಾಲೆಯ ನಡುವೆ ನಿಂತ ಮರದ ಕಂಬವನ್ನು ಗೊತ್ತುಮಾಡಿಕೊಂಡಿದ್ದರು. "ಕಂಬಪ್ಪಾ, ಚಾ ಆರಾಕತ್ತೈತಂತ ಹೇಳು," ಎಂದು ಅಡುಗೆಮನೆಯಿಂದ ದನಿ ಬರುತ್ತಿತ್ತು. "ಕಂಬಪ್ಪಾ, ಸಕ್ಕರಿ ಕಡಿಮಿ ಹಾಕ್ಯಾರೇನು ಕೇಳು," ಎಂದು ಅಳಿಯ ಪಡಸಾಲೆಯಿಂದ ಅನ್ನುತ್ತಿದ್ದ. ಮದುವೆಯಾದಂದಿನಿಂದ ಅವರ ನಡುವಿನ ಸಮಸ್ತ ವ್ಯವಹಾರವೂ ಆ ಕಂಬದ ಮೂಲಕವೇ ಸಾಗಿತ್ತು. ಒಮ್ಮೆ ಜಗಳವೂ ಆಗಿ, ಕಂಬಕ್ಕೇ ಇಬ್ಬರೂ ಕ್ಷಮೆ ಕೇಳಿದ್ದರಂತೆ.

ನಾನು ಸುಮ್ಮನಿರಲಾರದೆ ಹೇಳಿದೆ: ಹೆಣ್ಣಿನ ಮಾತನ್ನು ಕಟ್ಟಿಗೆಗೆ ಒಪ್ಪಿಸುವ ಈ ರೂಢಿ ಅನ್ಯಾಯದ್ದು, ಅದನ್ನು ಮುರಿಯಲು ಇಂದಿಗಿಂತ ಒಳ್ಳೆಯ ದಿನ ಬೇರೆ ಇಲ್ಲ ಎಂದು.

ಅಡುಗೆಮನೆಯ ಬಾಗಿಲ ಹಿಂದಿನಿಂದ ಉತ್ತರ ಬಂತು. "ಖರೆ ಐತ್ರಿ ಅಕ್ಕಾರ. ಆದ್ರ ಕಂಬ ಎದುರ ಮಾತಾಡೂದಿಲ್ಲಲ್ರಿ. ನಮ್ಮ ಮನ್ಯಾಗಿನ ಗಂಡಸರ ಪೈಕಿ ಅದ ಛಲೋ."

ಆ ದನಿಯನ್ನು ನಾನು ಮೊದಲ ಬಾರಿ ಕೇಳಿದ್ದು ಹಾಗೆ. ಸ್ವಲ್ಪ ಒಡೆದ, ಅಡಿಯಲ್ಲಿ ಮರಳಿದ್ದ ನೀರಿನಂಥ ದನಿ. ನಲವತ್ತೈದರ ಆಸುಪಾಸಿನ ಹೆಂಗಸು. ತವರು ಸಿರಸಂಗಿ, ಗಂಡನ ಮನೆ ಮುನವಳ್ಳಿ.

ಮೈಕಿನ ತಂತಿಯನ್ನು ಬಾಗಿಲ ಕೆಳಗಿನ ಸಂದಿಯಿಂದ ಅಡುಗೆಮನೆಗೆ ಎಳೆದರು. ಮಗಳು ಹಾಡಿನ ಸಾಲುಗಳನ್ನು ಒಮ್ಮೆ ಓದಿ ಹೇಳಿದಳು. ಗಂಡಿನ ಸಾಲು ಹೀಗಿತ್ತು: "ಕಿಡಕಿ ತಗದು ಕುಂತೀಯೇನ, ಗಾಳಿ ಬಂತಂತ ತಿಳದೀಯೇನ?" ಹೆಣ್ಣಿನ ಉತ್ತರ: "ಗಾಳಿ ಅಲ್ಲ ನೀ, ಧೂಳ ನೀ, ಕಣ್ಣಾಗ ಬಿದ್ದರ ಹೋಗವಲ್ಲಿ." ಚಿತ್ರಗೀತೆಗಳಲ್ಲಿ ಹೆಣ್ಣನ್ನು ಹಣ್ಣಿಗೂ ಗೊಂಬೆಗೂ ಹೋಲಿಸುವ ಚಾಳಿಯ ವಿರುದ್ಧ ನಾನು ಬಹಳ ಬರೆದವಳು. ಇಲ್ಲಿ ಧೂಳಾದದ್ದು ಗಂಡಸು. ಆಕ್ಷೇಪಿಸಲು ಏನೂ ಸಿಗದೆ, ಗಾದಿಗೆ ಒರಗಿ ಕುಳಿತುಬಿಟ್ಟೆ.

ಅವರು ಹಾಡಿದರು. ಬಾಗಿಲ ಈಚೆ ಅಳಿಯ ಕಣ್ಣು ಮುಚ್ಚಿಕೊಂಡಿದ್ದ, ಭಾವಾವೇಶದಿಂದಲ್ಲ, ಮರ್ಯಾದೆಯಿಂದ. ಬಾಗಿಲ ಆಚೆ ಅತ್ತೆ ಸೆರಗು ಹೊದ್ದು, ಒಲೆಯ ಕಡೆ ಮುಖಮಾಡಿ ಹಾಡುತ್ತಿದ್ದರಂತೆ. ಕೊನೆಯ ಸಾಲಿನಲ್ಲಿ ದನಿ ಮೇಲೇರಿ ನಿಂತಿದ್ದಾಗ, ಒಲೆಯ ಮೇಲಿನ ಕುಕ್ಕರ್ ಸಿಳ್ಳೆ ಹೊಡೆಯಿತು.

"ಅವ್ವಾ, ಕುಕ್ಕರ್ ಬಂತ ನಡಬರಕ. ಇನ್ನೊಮ್ಮೆ ಹಾಡಬೇಕಂತ," ಎಂದಳು ಮಗಳು.

"ಅಳಿಯಂದ್ರಿಗೆ ಧೂಳ ನೀ, ಹೋಗವಲ್ಲಿ ಅಂತ ಒಮ್ಮೆ ಅಂದದ್ದ ಹೆಚ್ಚಾತು. ಇನ್ನೊಮ್ಮೆ ಅನ್ನೂದಿಲ್ಲ. ಬ್ಯಾಳಿ ಬೆಂದೈತಿ, ಏಳ್ರಿ ಉಣ್ಣಾಕ."

ಹಾಡು ಕುಕ್ಕರಿನ ಸಿಳ್ಳೆಯೊಂದಿಗೇ ಲೋಕಕ್ಕೆ ಹೋಯಿತು.

ಮುಂದಿನದನ್ನು ನಾನು ಕಣ್ಣಾರೆ ಕಾಣದಿದ್ದರೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಮೊದಲು ಸವದತ್ತಿ, ರಾಮದುರ್ಗದ ಟಂಟಂ ಆಟೊಗಳಲ್ಲಿ ಕೇಳಿಬಂತು. ಕಿತ್ತೂರಿನ ಒಂದು ಮದುವೆಯ ವರಾತ ಮೆರವಣಿಗೆಯಲ್ಲಿ ವರನ ಕುದುರೆ ಅದಕ್ಕೆ ಹೆಜ್ಜೆ ಹಾಕಿದ ತುಣುಕು ಫೋನಿನಿಂದ ಫೋನಿಗೆ ಓಡಾಡಿತು. ಆ ತುಣುಕನ್ನು ಯಾರು ಎಲ್ಲಿಗೆ ಕಳುಹಿಸಿದರೋ ಗೊತ್ತಿಲ್ಲ. ಕೆಲವೇ ವಾರಗಳಲ್ಲಿ ಪೋಲೆಂಡಿನ ಯಾವುದೋ ಹಳ್ಳಿಯ ಮದುವೆಯಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರು ಹೆಂಡತಿಯ ಕೈ ಹಿಡಿದು "ಧೂಳ ನೀ, ಧೂಳ ನೀ" ಎಂದು ಕಣ್ಣೀರು ಹಾಕುತ್ತಿದ್ದರು. ಕೊರಿಯದಲ್ಲಿ ಒಂದು ಜೋಡಿ ಹಿಮದ ಮೇಲೆ ಜಾರುತ್ತ ಅದಕ್ಕೆ ಕುಣಿಯಿತು. ಬ್ರೆಜಿಲಿನ ಕಾಲ್ಚೆಂಡಿನ ಮೈದಾನದಲ್ಲಿ ಜನ ಎದ್ದು ನಿಂತು ಹಾಡಿ, ಕುಕ್ಕರ್ ಬರುವ ಜಾಗದಲ್ಲಿ ಎಲ್ಲರೂ ಏಕಕಾಲಕ್ಕೆ ಸಿಳ್ಳೆ ಹಾಕಿದರು.

ಪರದೇಶದ ವಿಮರ್ಶಕರು ಆ ಸಿಳ್ಳೆಗೆ ಅರ್ಥ ಹಚ್ಚಿದರು. ಅದು ಪ್ರೇಮಿಗಳನ್ನು ಅಗಲಿಸುವ ರೈಲಿನದು ಎಂದರು. ಬೈಲಹೊಂಗಲಕ್ಕೆ ರೈಲು ಇಲ್ಲ. ಈ ಇಬ್ಬರ ದನಿಗಳ ನಡುವೆ ಒಂದು ಅದೃಶ್ಯ ಗೋಡೆ ಇದೆ, ಇಷ್ಟು ಸಮೀಪದ ದೂರವನ್ನು ಹಿಂದೆಂದೂ ಕೇಳಿಲ್ಲ ಎಂದು ಮತ್ತೊಬ್ಬರು ಬರೆದರು. ಅದೊಂದು ಮಾತು ಮಾತ್ರ ನಿಜ. ಗೋಡೆ ಒಂಬತ್ತು ಇಂಚಿನದು.

ಆದರೆ ಹಾಡಿನ ಕೆಳಗೆ ಒಂದೇ ಹೆಸರಿತ್ತು, ಅಳಿಯನದು. ಹೆಣ್ಣಿನ ದನಿಗೆ ಹೆಸರೇ ಇರಲಿಲ್ಲ. ಲೋಕ ಆ ಖಾಲಿ ಜಾಗವನ್ನು ಹಾಗೇ ಬಿಡಲಿಲ್ಲ. ತಾನೇ ಅವರನ್ನು "ಧೂಳಿನ ಹುಡುಗಿ" ಎಂದು ಕರೆಯತೊಡಗಿತು. ಅವರನ್ನು ಇಪ್ಪತ್ತರ ತರುಣಿಯಾಗಿ ಚಿತ್ರಿಸಿದ ಅಂಗಿಗಳು ಎಲ್ಲೋ ಮಾರಾಟವಾದವು.

ಇದು ನನ್ನ ಪಾಲಿಗೆ ಸಹಿಸಲಾಗದ ಅನ್ಯಾಯವಾಗಿತ್ತು. ಕೆಳಗೆ ಹೋಗಿ ನೇರವಾಗಿ ಕೇಳಿದೆ: ನಿಮ್ಮ ಅತ್ತೆಯ ಹೆಸರನ್ನು ಯಾಕೆ ಹಾಕಲಿಲ್ಲ?

ಗಾಯಕ ತಲೆ ಕೆರೆದುಕೊಂಡ. "ಹಾಕಬೇಕಂತನ ಇತ್ರಿ ಅಕ್ಕಾರ. ಆದ್ರ ಅವರ ಹೆಸರ ನನಗ ಗೊತ್ತಿಲ್ರಿ."

"ನಿನ್ನ ಅತ್ತೆಯ ಹೆಸರು ನಿನಗೆ ಗೊತ್ತಿಲ್ಲವೇ?"

"ಅತ್ತಿ ಅಂತೇನಿ. ಅದೂ ಕಂಬಕ್ಕ. ಲಗ್ನಪತ್ರಿಕಿ ಒಳಗೂ ಶ್ರೀಮತಿ ಮತ್ತು ಶ್ರೀ ಅಂತ ಮಾವನ ಹೆಸರಷ್ಟ ಇತ್ತು. ಆಮ್ಯಾಲೆ ಯಾರನ್ನ ಕೇಳೂದ್ರಿ? ಅತ್ತಿ ಹೆಸರ ಯಾಕ ಬೇಕಾತು ನಿನಗ ಅಂದ್ರ ಏನ ಹೇಳ್ಲಿ?"

ಹೆಂಡತಿಯನ್ನು ಕೇಳಬಹುದಿತ್ತಲ್ಲ ಎಂದರೆ, ಅವಳು ನಕ್ಕಳು. "ನಮ್ಮವ್ವಂದು ಎರಡ ಹೆಸರ ಅದಾವ ಅಕ್ಕಾ. ಯಾವದ ಹೇಳ್ಲಿ?"

ನಮ್ಮ ಭಾಗದ ಅನೇಕ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಅದರ ಮೇಲೆ ವರ ಉಂಗುರದ ತುದಿಯಿಂದ ಆ ಹೆಸರನ್ನು ಬರೆಯುತ್ತಾನೆ. ಅಂದಿನಿಂದ ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ. ಅಲ್ಲಿನ ಹಿರಿಯರು ತೀರಿದ ಮೇಲೆ ಅಲ್ಲೂ ಉಳಿಯುವುದಿಲ್ಲ. ಹೆಣ್ಣೊಬ್ಬಳ ಹೆಸರನ್ನು ಹೀಗೆ ತಟ್ಟೆಯಲ್ಲಿ ಮುಗಿಸಿಬಿಡುವುದನ್ನು ನಾನು ಹಿಂಸೆ ಎಂದೇ ಕರೆಯುತ್ತೇನೆ.

ಆ ತಾಯಿ ಮತ್ತೆ ಬೈಲಹೊಂಗಲಕ್ಕೆ ಬಂದಾಗ ನಾನು ಅಡುಗೆಮನೆಯಲ್ಲಿ ಅವರ ಎದುರು ಕುಳಿತೆ. ಅವರು ಶೇಂಗಾ ಸುಲಿಯುತ್ತಿದ್ದರು. ಹಾಡಿಗೆ ಯಾವ ಹೆಸರು ಹಾಕಬೇಕು ಎಂದು ಕೇಳಿದೆ.

"ಹಾಕೂದ ಆದ್ರ ತವರಮನಿ ಸಿರಸಂಗಿ ಹೆಸರ ಹಾಕ್ರಿ," ಎಂದರು, ತಡಮಾಡದೆ. "ಸಾಲ್ಯಾಗ ಪ್ರಾರ್ಥನಾ ನಾನ ಹಾಡತಿದ್ದೆ. ಕಲಿಸೂ ಬಾಯಾರು ಆ ಹೆಸರ ಹಿಡದ ಕರದು ಮುಂದ ನಿಂದರಸತಿದ್ರು. ಹಾಡಿದಾಕಿ ಆಕಿ, ಅಕ್ಕಾರ. ಮುನವಳ್ಳಿ ಹೆಸರಿನಾಕಿ ಏನಿದ್ರೂ ರೊಟ್ಟಿ ಬಡದಾಕಿ. ಅಕೀ ಹೆಸರ ಈ ಹಾಡಿಗ್ಯಾಕ?"

ಅವರು ಕೇಳಿದ್ದು ಅಷ್ಟೇ. ಪರದೇಶ ಪ್ರವಾಸ ಬೇಡ, ಭಾವಚಿತ್ರ ಬೇಡ, ಬೇರೆಲ್ಲಿಯೂ ಆ ಹೆಸರನ್ನು ಬಳಸುವುದೂ ಬೇಡ. ಹಾಡಿನ ಕೆಳಗೆ ಮಾತ್ರ ಅದು ಇರಬೇಕು. ಇಲ್ಲಿ ನಾನು ಆ ಹೆಸರನ್ನು ಬರೆಯದಿರುವುದಕ್ಕೆ ಅದೇ ಕಾರಣ.

ಅಳಿಯ ಸಿದ್ಧನಿದ್ದ, ಆದರೆ ಮಾವ ಹೂಂ ಅನ್ನದೆ ಬದಲಿಸುವಂತಿರಲಿಲ್ಲ. ಮಾವ ಮುನವಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ನಾನೇ ಅವರನ್ನು ಕಾಣಲು ಹೋದೆ. ಗಿರಣಿಯ ಬಾಗಿಲಲ್ಲಿ ಮೈಯೆಲ್ಲ ಬೆಳ್ಳಗಾಗಿ ನಿಂತಿದ್ದರು. ನಾನು ಮಾತು ತೆಗೆಯುವಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಹಾಡತೊಡಗಿತು: "ಗಾಳಿ ಅಲ್ಲ ನೀ, ಧೂಳ ನೀ."

"ಕೇಳ್ರಿ ಬಾಯಾರ, ಎಂಥಾ ದನಿ!" ಎಂದು ಅವರು ಕರೆಯನ್ನು ಎತ್ತದೆ ಫೋನನ್ನು ನನ್ನ ಕಿವಿಯ ಬಳಿ ಹಿಡಿದರು. "ನಮ್ಮ ಅಳಿಯಾನ ಹಾಡು. ಇಕಿ ಯಾರೋ ಮುಂಬೈದಾಕಿ ಇರಬೇಕ್ರಿ. ನಮ್ಮ ಕಡಿ ಹೆಣಮಕ್ಕಳಿಗೆ ಇಂಥಾ ದನಿ ಎಲ್ಲಿಂದ ಬರಬೇಕು?"

ಇದು ನಿಮ್ಮ ಹೆಂಡತಿಯ ದನಿ ಎಂದು ನಾನು ಹೇಳಿದೆ.

ಅವರು ಗಿರಣಿಯನ್ನು ನಿಲ್ಲಿಸಿದರು. ಫೋನಿನಲ್ಲಿ ಹಾಡನ್ನು ಮತ್ತೆ ಹಚ್ಚಿ, ತಾವೇ ಕಿವಿಗೆ ಹಿಡಿದು ಮೊದಲಿಂದ ಕೊನೆಯವರೆಗೆ ಕೇಳಿದರು. ಕುಕ್ಕರ್ ಬಂದಾಗ ಅವರ ಮುಖ ಬದಲಾಯಿತು. "ಹೌದ್ರಿ," ಎಂದರು ನಿಧಾನವಾಗಿ, "ಕುಕ್ಕರ್ ನಾವ ಕೊಡಿಸಿದ್ದು. ಅದರ ಸಿಟ್ಟಿ ಹಿಂಗ ಐತಿ."

ಹೆಂಡತಿಯ ದನಿಯ ಗುರುತು ಹತ್ತದವರಿಗೆ ಕುಕ್ಕರಿನ ಗುರುತು ಹತ್ತಿತ್ತು. ನಾನು ಅದನ್ನೂ ಹೆಸರಿಟ್ಟು ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ. "ಹಗಲೆಲ್ಲಾ ಗಿರಣಿ ಸಪ್ಪಳ ಕೇಳಿದ ಕಿವೀರಿ ಇವು. ಮನಿಗೆ ಹೋದ ಮ್ಯಾಲೆ ಯಾರೂ ಉಸರ ಬಿಡಬಾರದು ಅಂತ ನಾನ ಹೇಳಿದ್ದೆ. ಅಕೀ ಉಸರ ಬಿಡಲಿಲ್ಲ."

ಪ್ರೇಮಗೀತೆಯನ್ನು ಅಳಿಯನೊಂದಿಗೆ ಹಾಡಿದ್ದಕ್ಕೆ ಅವರು ಸಿಟ್ಟಾಗುತ್ತಾರೆಂದು ನಾನು ವಾದಗಳನ್ನು ಸಜ್ಜುಗೊಳಿಸಿಕೊಂಡು ಹೋಗಿದ್ದೆ. ಅವೆಲ್ಲ ವ್ಯರ್ಥವಾದವು. ಅವರಿಗೆ ಹೆಮ್ಮೆಯೇ ಆಗಿತ್ತು. ಹೆಸರಿನ ಮಾತು ಬಂದಾಗ ಮಾತ್ರ ಗಟ್ಟಿಯಾಗಿ ನಿಂತರು.

"ಹಾಕ್ರಿ, ಹಾಕ್ರಿ. ಆದ್ರ ನಾ ಇಟ್ಟ ಹೆಸರ ಹಾಕ್ರಿ. ಅದರ ಮುಂದ ನನ್ನ ಹೆಸರ, ಅಡ್ಡಹೆಸರ, ಊರ ಮುನವಳ್ಳಿ ಅಂತ, ಎಲ್ಲಾ ಬರಬೇಕು. ಅಕ್ಕ್ಯಾಗ ಉಂಗುರದ್ಲೆ ನಾನ ಬರದ ಹೆಸರ ಅದು."

ನಾನು ಇದನ್ನು ವರದಿ ಮಾಡಿದಾಗ ಅವರ ಹೆಂಡತಿ ಶೇಂಗಾದಿಂದ ತಲೆ ಎತ್ತಲಿಲ್ಲ. "ಆ ಅಕ್ಕೀನ ಮರದಿನಾನ ಅನ್ನಾ ಮಾಡಿ ಉಂಡ್ರು. ಅವರಿಗೆ ನೆನಪಿಲ್ಲೇನ?"

ಹೀಗೆ ಎಳೆದಾಡುತ್ತಿರುವಾಗಲೇ ಊರಿನ ಯುವಕ ಮಂಡಳವೊಂದು ಸತ್ಕಾರ ಸಮಾರಂಭವನ್ನು ಏರ್ಪಡಿಸಿತು. ಯುರೋಪಿನಿಂದ ಒಬ್ಬ ಮಹಿಳೆ ಕ್ಯಾಮೆರಾ ಹಿಡಿದು ಈ ಹಾಡಿನ ಬಗ್ಗೆ ಚಿತ್ರ ತೆಗೆಯಲು ಬರುವವರಿದ್ದರು. ಅವರ ಎದುರು ಊರಿನ ಮರ್ಯಾದೆ ಕಾಣಬೇಕಿತ್ತು. ಅಳಿಯ ಒಂದು ಒಪ್ಪಂದಕ್ಕೆ ಬಂದ: ವೇದಿಕೆಯ ಮೇಲೆ ಯಾವ ಹೆಸರು ಘೋಷಣೆಯಾಗುತ್ತದೋ ಅದೇ ಹೆಸರು ಹಾಡಿಗೆ. ಮಾವ ತಕ್ಷಣ ಒಪ್ಪಿದರು, ಏಕೆಂದರೆ ನಿರೂಪಕರು ಅವರ ಪರಿಚಯದವರು. ಪೌರೋಹಿತ್ಯದ ಮನೆತನದ ಆ ಗೃಹಸ್ಥರು ಹಗಲು ಬ್ಯಾಂಕಿನಲ್ಲಿ ನೌಕರಿ ಮಾಡಿ, ರಜಾದಿನ ಮದುವೆ ಮಾಡಿಸಿ, ಉಳಿದ ಸಮಯದಲ್ಲಿ ಸಮಾರಂಭಗಳನ್ನು ನಿರೂಪಿಸುತ್ತಿದ್ದರು. ಮಾವ ತಮಗೆ ಬೇಕಾದ ಪೂರ್ಣ ಹೆಸರನ್ನು ಮುಂಚೆಯೇ ಅವರ ಕಿವಿಯಲ್ಲಿ ಹೇಳಿ ಬಂದಿದ್ದರು. ನಾನೂ ಹೋಗಿ ತವರಿನ ಹೆಸರಿನ ನ್ಯಾಯವನ್ನು ವಿವರವಾಗಿ ಮಂಡಿಸಿದೆ. "ಎರಡೂ ಬರೋಬ್ಬರಿ ಅದಾವು," ಎಂದರು ಅವರು, ಬ್ಯಾಂಕಿನವರ ದನಿಯಲ್ಲಿ.

ಸಮಾರಂಭ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಅಂದು ಬೆಳಿಗ್ಗೆ ಅಲ್ಲಿ ಮದುವೆಯಾಗಿತ್ತು. ಹೂವಿನ ಚಪ್ಪರ ಹಾಗೇ ಇತ್ತು. ಬಾಗಿಲಲ್ಲಿ ಬೆಳಗಿನ ಅಕ್ಷತೆಯ ಪರಾತ, ಆ ಅಗಲ ತಟ್ಟೆಯೂ, ಉಳಿದಿತ್ತು. ಬಂದವರಿಗೆಲ್ಲ ಯಾರೋ ಅದರಿಂದ ಒಂದೊಂದು ಹಿಡಿ ಕೊಟ್ಟು ಒಳಗೆ ಬಿಡುತ್ತಿದ್ದರು. ಕೊಟ್ಟದ್ದನ್ನು ಬೇಡವೆನ್ನುವುದು ನಮ್ಮ ಕಡೆಯ ರೂಢಿಯಲ್ಲ, ನಾನೂ ಹಿಡಿದುಕೊಂಡೆ.

ತೊಡಕು ಶುರುವಾದದ್ದು ವೇದಿಕೆಯ ಮೇಲೆ. ಅತ್ತೆ ಮತ್ತು ಅಳಿಯ ಒಂದೇ ವೇದಿಕೆಯಲ್ಲಿ ಎದುರುಬದುರು ನಿಲ್ಲುವಂತಿಲ್ಲ. ಮಂಡಳದ ಕಾರ್ಯಕರ್ತರು ಬುದ್ಧಿವಂತರು. ನಡುವೆ ಒಂದು ಬಟ್ಟೆ ಹಿಡಿದರಾಯಿತು ಎಂದರು. ಬಟ್ಟೆಗಾಗಿ ಹುಡುಕಿದಾಗ ಮೂಲೆಯಲ್ಲಿ ಬೆಳಗಿನ ಮದುವೆಯ ಅಂತರಪಟವೇ ಸಿಕ್ಕಿತು, ನಡುವೆ ಕುಂಕುಮದ ಸ್ವಸ್ತಿಕವಿದ್ದದ್ದು. ಇಬ್ಬರು ತರುಣರು ಅದನ್ನು ಎರಡು ತುದಿಯಲ್ಲಿ ಹಿಡಿದು ನಿಂತರು. ಒಂದು ಬದಿಗೆ ಪೇಟ ಸುತ್ತಿದ ಅಳಿಯ. ಮತ್ತೊಂದು ಬದಿಗೆ ಸತ್ಕಾರದ ಹೂಮಾಲೆ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದ ಅತ್ತೆ. ಮೇಲೆ ಹೂವಿನ ಚಪ್ಪರ. ನನಗೆ ಏನೋ ಸರಿಯಿಲ್ಲವೆನ್ನಿಸಿತು. ಆದರೆ ಆ ಕ್ಷಣದಲ್ಲಿ ನಾನು ಹೂಮಾಲೆಯ ಅಪವ್ಯಯದ ಬಗ್ಗೆ ಯೋಚಿಸುತ್ತಿದ್ದೆ.

ಅವರು ಹಾಡಿದರು. ಮೊದಲ ಸಾಲಿನಲ್ಲಿ ಕುಳಿತ ಮಾವನ ಬಾಯಿ ತೆರೆದೇ ಇತ್ತು. ಹಾಡು ಮುಗಿದಾಗ, ನಿರೂಪಕರು ಮೈಕಿನ ಮುಂದೆ ಬಂದು, ಹೂವಿನ ಚಪ್ಪರವನ್ನೂ ಅಂತರಪಟವನ್ನೂ ಅದರ ಎರಡು ಬದಿಯ ಮಾಲೆ ಪೇಟಗಳನ್ನೂ ಕಂಡರು. ಎಷ್ಟೋ ವರ್ಷ ಮದುವೆ ಮಾಡಿಸಿದ ಅಭ್ಯಾಸ ಅವರ ಬಾಯಿಂದ ತಾನಾಗಿ ಹೊರಬಂತು:

"ಶುಭಮಂಗಲ ಸಾವಧಾನ!"

ಹೊರಗೆ ಸನ್ಮಾನದ ಮೆರವಣಿಗೆಗೆಂದು ನಿಂತಿದ್ದ ಬ್ಯಾಂಡಿನವರು ಆ ಮಾತಿಗೆ ಏನು ಮಾಡಬೇಕೋ ಅದನ್ನೇ ಮಾಡಿದರು. ಸಭೆಯಲ್ಲಿದ್ದವರ ಕೈಗಳೂ ಹಾಗೆಯೇ. ನೂರಾರು ಮಂದಿ ಒಮ್ಮೆಲೇ ಎದ್ದು ಅಕ್ಷತೆ ಎರಚಿದರು. ಬಟ್ಟೆ ಹಿಡಿದಿದ್ದ ತರುಣರು, ಹೇಗೆ ಹೇಳಲಿ, ಅದನ್ನು ಸರಕ್ಕನೆ ಸರಿಸಿಬಿಟ್ಟರು. ಅತ್ತೆ ಅಳಿಯ ಮೊದಲ ಬಾರಿ ಮುಖಾಮುಖಿಯಾದರು. ಇಬ್ಬರೂ ಅದೇ ಕ್ಷಣ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತರು. ಯುರೋಪಿನ ಮಹಿಳೆ ಕಣ್ಣೊರೆಸಿಕೊಳ್ಳುತ್ತ ಚಿತ್ರ ತೆಗೆಯುತ್ತಿದ್ದರು.

"ಏ! ನಿಲ್ಲಸ್ರಿ!" ಮಾವ ಕುರ್ಚಿಯ ಮೇಲೆ ಹತ್ತಿದ್ದರು. "ನನ್ನ ಹೇಂತಿ ಆಕಿ!"

ಬ್ಯಾಂಡು ನಿಂತಿತು. "ಹಂಗಾದ್ರ ಆ ಗಂಡ ಯಾರು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನನ್ನ ಅಳಿಯಾ!"

ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಗದ್ದಲ ಎದ್ದಿತು. ಬೆಳಗಿನ ಮದುವೆಗೆ ಬಂದು ಇನ್ನೂ ಹೋಗದೆ ಉಳಿದಿದ್ದ ಕೆಲವರಂತೂ ತಾವು ಯಾವ ಪಕ್ಷದವರು ಎಂದು ತಿಳಿಯದೆ ಎರಡೂ ಕಡೆ ಜಗಳಕ್ಕೆ ನಿಂತರು. ಆಗ ಹೆಂಗಸರ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಕೋಲು ಕುಟ್ಟಿದಳು.

"ಒದರಬ್ಯಾಡ್ರೋ! ಹೆಸರ ಹೇಳಸ್ರಿ ಅಕೀ ಕಡಿಂದ. ಒಡಪ ಹಾಕಿ ಗಂಡನ ಹೆಸರ ಹೇಳ್ಲಿ. ಯಾರ ಹೇಂತಿ ಅನ್ನೂದು ಅಕೀ ಬಾಯಿಂದನ ಬರ್ಲಿ."

ಪ್ರಾಸ ಕಟ್ಟಿ ಅದರ ಕೊನೆಯಲ್ಲಿ ಗಂಡನ ಹೆಸರು ಹೇಳುವುದು ನಮ್ಮ ಕಡೆ ಹೆಂಗಸರು ಮದುವೆ ಸೀಮಂತಗಳಲ್ಲಿ ಆಡುವ ಆಟ. ಆ ಒಡಪಿನಲ್ಲಲ್ಲದೆ ಗಂಡನ ಹೆಸರನ್ನು ಬಾಯಿಂದ ಆಡುವಂತಿಲ್ಲ. ಸಭೆಯೆಲ್ಲ "ಹೇಳ್ಲಿ, ಹೇಳ್ಲಿ" ಎಂದಿತು. ಮಾವ ಕುರ್ಚಿಯಿಂದ ಇಳಿದು, ಶರ್ಟು ಸರಿಪಡಿಸಿಕೊಂಡು, ತಮ್ಮ ಹೆಸರಿಗಾಗಿ ಕಾಯುತ್ತ ನಿಂತರು. ನಿರೂಪಕರು ಮೈಕನ್ನು ಆ ತಾಯಿಯ ಕೈಗೆ ಕೊಟ್ಟರು.

ಅವರು ಅಳಿಯನಿಗೆ ಬೆನ್ನು ಮಾಡಿಯೇ, ಸಭೆಯತ್ತ ನೋಡಿ ಹೇಳಿದರು:

"ಮಲಪ್ರಭಾ ನೀರಾಗ ಮುಳಗಿತ್ತ ಹೊಲಾ,
ಬ್ಯಾಸಗಿ ಬಂದಾಗ ಕಾಣತೈತಿ ನೆಲಾ;
ಲಗ್ನದ ದಿನಾ ಮುಳಗಿದ ಹೆಸರ ಹೇಳತೇನಿ, ಕೇಳ್ರಿ ಎಲ್ಲಾ"

ಹೀಗೆಂದು, ಸಿರಸಂಗಿಯ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕೂಗುತ್ತಿದ್ದ ತಮ್ಮ ಹೆಸರನ್ನು ಹೇಳಿದರು.

ನಮ್ಮಂಥ ನಾಲ್ಕು ಜನರನ್ನು ಬಿಟ್ಟರೆ ಯಾರಿಗೂ ಅದು ಯಾರ ಹೆಸರೆಂದು ಹೊಳೆಯಲಿಲ್ಲ. ಮಾವ ಸುತ್ತಲೂ ನೋಡಿದರು. "ಇದ್ಯಾರ ಹೆಸರು?"

"ನಿನ್ನ ಹೇಂತಿದ ಇರಬೇಕಲೋ, ಮಂಗ್ಯಾ," ಎಂದಳು ಅಜ್ಜಿ.

ಅವರು ತಮ್ಮ ಹೆಂಡತಿಯ ಕಡೆ ನೋಡಿ ನಿಂತರು. ಆ ಹೆಸರನ್ನು ಅವರು ಮದುವೆಗೆ ಮುಂಚೆ ಒಮ್ಮೆ, ಹೆಣ್ಣು ನೋಡಲು ಹೋದಾಗ ಕೇಳಿದ್ದಿರಬೇಕು. ಬಾಯಲ್ಲಿ ಸಣ್ಣಗೆ ಹೇಳಿ ನೋಡಿಕೊಂಡರು. ಆಮೇಲೆ ಕುಳಿತರು. ನಿರೂಪಕರು ವೃತ್ತಿಧರ್ಮದಂತೆ ಮೈಕನ್ನು ಹಿಂದಕ್ಕೆ ಪಡೆದು ಆ ಹೆಸರನ್ನು ಗಟ್ಟಿಯಾಗಿ ಪುನರುಚ್ಚರಿಸಿದರು. ಘೋಷಣೆಯಾಯಿತು. ಮರುದಿನವೇ ಮಗಳು ಹಾಡಿನ ಕೆಳಗೆ ಅದನ್ನು ಸೇರಿಸಿದಳು. ಅಳಿಯ ಮಾತ್ರ ಆ ಹೊತ್ತು ಕೋಣೆಯಿಂದ ಹೊರಗೆ ಹೋಗಿ ನಿಂತಿದ್ದ. ಅತ್ತೆಯ ಹೆಸರನ್ನು ಟೈಪಿಸುವುದನ್ನು ನೋಡುವುದೂ ಅವನಿಗೆ ಸರಿಯೆನ್ನಿಸಲಿಲ್ಲ. ಆ ಇಬ್ಬರೂ ಇಂದಿಗೂ ನೇರವಾಗಿ ಮಾತನಾಡುವುದಿಲ್ಲ, ಮತ್ತು ಅದು ಅನ್ಯಾಯವೆಂದು ನಾನು ಇಂದಿಗೂ ಹೇಳುತ್ತೇನೆ.

ಹೋರಾಟ ಮುಗಿಯಿತೆಂದು ನಾನು ಭಾವಿಸಿದ್ದೆ. ಆದರೆ ಯುರೋಪಿನ ಮಹಿಳೆ ತೆಗೆದ ತುಣುಕು ಅದೇ ವಾರ ಲೋಕಕ್ಕೆಲ್ಲ ಹಬ್ಬಿತು: ಹೂಮಾಲೆ, ಅಂತರಪಟ, ಅಕ್ಷತೆಯ ಮಳೆ. ಅದರ ಬೆನ್ನಿಗೇ ಹಾಡಿನ ಕೆಳಗೆ ಯಾರೂ ಕೇಳಿರದ ಹೆಣ್ಣು ಹೆಸರೊಂದು ಕಾಣಿಸಿಕೊಂಡಿತು. ಪರದೇಶದ ಅಭಿಮಾನಿಗಳು ಎರಡನ್ನೂ ಕೂಡಿಸಿ ತೀರ್ಮಾನಕ್ಕೆ ಬಂದರು. ಗಾಯಕ ಧೂಳಿನ ಹುಡುಗಿಗೆ ಮೋಸ ಮಾಡಿದ್ದಾನೆ. ವಯಸ್ಸಾದ, ಪ್ರಭಾವಶಾಲಿಯಾದ ಹೆಂಗಸೊಬ್ಬಳನ್ನು ಮದುವೆಯಾಗಿ, ಆ ಬಡ ಹುಡುಗಿಯ ಹಾಡನ್ನು ಇವಳ ಹೆಸರಿಗೆ ಬರೆದುಕೊಟ್ಟಿದ್ದಾನೆ. ದನಿ ಕಳೆದುಕೊಂಡ ಹೆಣ್ಣಿಗೆ ನ್ಯಾಯ ಸಿಗಬೇಕು.

ಅವರ ಮನವಿಯನ್ನು ನಾನು ಓದಿದೆ. ಅಚ್ಚುಕಟ್ಟಾದ ಮನವಿ. ಪ್ರತಿಯೊಂದು ಅನ್ಯಾಯವನ್ನೂ ಹೆಸರಿಟ್ಟು ಹೇಳಿದ್ದರು. ಒಂದು ಪದವನ್ನೂ ನಾನು ಬದಲಿಸುತ್ತಿರಲಿಲ್ಲ. ಎಲ್ಲ ಸತ್ಯವನ್ನೂ ವಿವರಿಸಿ ನಾನು ದೀರ್ಘ ಉತ್ತರ ಬರೆದೆ. ನನ್ನನ್ನು ಆ ಹೊಸ ಹೆಂಡತಿಯ ವಕೀಲೆಯೆಂದು ತಿಳಿದು ಬೈದರು.

ಕೊನೆಗೆ ಹಾಡನ್ನು ಹಂಚುತ್ತಿದ್ದ ಮುಂಬೈಯ ಕಂಪನಿಯಿಂದ ಫೋನು ಬಂತು. ಗಾಯಕ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಮಾತನಾಡಿದವರು ಮೂಲತಃ ನಿಪ್ಪಾಣಿ ಕಡೆಯವರು, ಕನ್ನಡಕ್ಕೆ ಮರಾಠಿ ಬೆರೆಸಿ ಬಹಳ ವಿನಯದಿಂದ ಮಾತನಾಡುತ್ತಿದ್ದರು. ಧೂಳಿನ ಹುಡುಗಿ ಎಂಬ ಹೆಸರೇ ಲೋಕಕ್ಕೆ ಗೊತ್ತಿರುವುದು, ಅದನ್ನೇ ಹಾಕೋಣ, ಈ ಹೊಸ ಹೆಸರನ್ನು ತೆಗೆದುಬಿಡೋಣ ಎಂದರು. ಗಾಯಕ ಹೆಂಡತಿಯ ಕಡೆ, ನನ್ನ ಕಡೆ ನೋಡಿದ. ನಾನು ಫೋನಿಗಾಗಿ ಕೈ ಚಾಚಿದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಆ ತಾಯಿಯೇ ಹೊರಬಂದರು. ಅಳಿಯ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ತೆಗೆದುಕೊಂಡರು.

"ನಮಸ್ಕಾರ್ರಿ. ನಿಮ್ಮವ್ವ ಅದಾರ್ರಿ?"

ಇದ್ದಾರೆ ಎಂದರು ಆ ಗೃಹಸ್ಥರು, ಗಲಿಬಿಲಿಗೊಂಡು.

"ಅವರ ಹೆಸರೇನ್ರಿ?"

ಅವರು ಹೇಳಿದರು.

"ಅದ ಲಗ್ನದ ಮೊದಲಿನ ಹೆಸರೋ, ಆಮ್ಯಾಲಿಂದೋ?"

ಕರೆ ಕಡಿದುಹೋಯಿತೆಂದು ಮಗಳು ಫೋನನ್ನು ಇಣುಕಿ ನೋಡಿದಳು. ಆಮೇಲೆ, "ಕೇಳಿ ಹೇಳತೇನ್ರಿ ಬಾಯಾರ," ಎಂಬ ದನಿ ಬಂತು.

"ಕೇಳ್ರಿ. ಅವಸರಿಲ್ಲ," ಎಂದು ಫೋನನ್ನು ಮಗಳ ಕೈಗೆ ಕೊಟ್ಟು, ಅವರು ರೊಟ್ಟಿ ಬಡಿಯಲು ಒಳಗೆ ಹೋದರು.

ಕಂಪನಿಯವರಿಂದ ಮತ್ತೆ ಕರೆ ಬರಲಿಲ್ಲ. ಪರದೇಶದವರ ಮನವಿಗೆ ಈಗಲೂ ಸಹಿಗಳು ಸೇರುತ್ತಲೇ ಇವೆ. ಹಾಡಿನ ಕೆಳಗಿನ ಹೆಸರನ್ನು ಮಾತ್ರ ಯಾರೂ ತೆಗೆದಿಲ್ಲ.